ಎಂಟಾಣೆ ಕಾರ್ಡು ಮತ್ತು ನನ್ನ ಮೂರನೇ ಕ್ಲಾಸು

ಮಕ್ಕಳಿಗೆ ಬರೆಯೋದು ಕಲಿಸಲು ಈ ವರ್ಷ ನಾನು ಕೊಂಡದ್ದರಲ್ಲಿ ತುಂಬಾ ಕೆಲಸಕ್ಕೆ ಬಂದದ್ದು ಅಂಚೆ ಇಲಾಖೆಯ ಪೋಸ್ಟ್ ಕಾರ್ಡು. ಒಂದಕ್ಕೆ 50 ಪೈಸೆ. 30 ರೂಪಾಯಿಗೆ 60 ಕಾರ್ಡು ತಂದೆ. ಸ್ಟಾಂಪು ಅದರಲ್ಲೇ ಅಚ್ಚಾಗಿರುತ್ತದೆ.

ನಮ್ಮದು ಹಳ್ಳಿ ಶಾಲೆ, ಮೂರನೇ ಕ್ಲಾಸಿನಲ್ಲಿ 22 ಮಕ್ಕಳು. ಬೋರ್ಡ್ ನೋಡಿ ಬರೆದರೆ ಅಕ್ಷರ ದುಂಡಗೆ ಚೆನ್ನಾಗಿರುತ್ತದೆ. ನೀವೇ ಬರೀರಿ ಅಂದರೆ ಒತ್ತಕ್ಷರ ಮಾಯ. ಅಜ್ಜಿ ‘ಅಜಿ’ ಆಗುತ್ತಾಳೆ, ಅಪ್ಪ ‘ಅಪ’ ಆಗುತ್ತಾನೆ.

ಮೊದಲ ಸಲ ತಪ್ಪು ಮಾಡಿದೆ. ‘ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯಿರಿ’ ಅಂತ ಬೋರ್ಡ್ ಮೇಲೆ ಬರೆದುಬಿಟ್ಟೆ. 22 ಕಾರ್ಡಿನಲ್ಲೂ ಅದೇ ಸಾಲು. ಒಂದಕ್ಕೂ ಉತ್ತರ ಬರಲಿಲ್ಲ. ಎರಡನೇ ಸಲ ಬೋರ್ಡ್ ಒರೆಸಿ, ‘ಯಾರಿಗೆ ಏನು ಹೇಳಬೇಕು?’ ಅಂತ ಮಾತ್ರ ಕೇಳಿದೆ.

ಒಬ್ಬ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಪ್ಪನಿಗೆ ‘ಹಬ್ಬಕೆ ಚಪಲಿ ತಾ’ ಎಂದು ಬರೆದ. ಹತ್ತು ದಿನಕ್ಕೆ ಉತ್ತರ ಬಂತು: ‘ಚಪ್ಪಲಿ ಅಳತೆ ಎಷ್ಟು ಮಗಾ?’ ಆ ಒಂದು ಸಾಲನ್ನು ಅವನು ಎಷ್ಟು ಸಲ ಓದಿದನೋ! ಆಮೇಲೆ ಬಂದು, ‘ಮಿಸ್, ನಮ್ಮಪ್ಪ ಚಪ್ಪಲಿಗೆ ಒತ್ತು ಕೊಟ್ಟವ್ರೆ, ನಾನು ಬಿಟ್ಟಿದ್ದೆ’ ಅಂದ. ನಾನು ತಿದ್ದಿರಲಿಲ್ಲ. ಯಾರ ಕಾರ್ಡಿಗೂ ಕೆಂಪು ಶಾಯಿ ಮುಟ್ಟಿಸಿರಲಿಲ್ಲ. ಸ್ಕೇಲ್ ತಂದು ಪಾದ ಅಳೆದ, 19 ಸೆಂಟಿಮೀಟರ್. ಮೊದಲು ನೋಟ್‌ಬುಕ್ಕಿನಲ್ಲಿ, ಆಮೇಲೆ ಕಾರ್ಡಿನಲ್ಲಿ ಬರೆದ. ಹಿಂದೆ ಒಂದು ಸಾಲನ್ನು ಎರಡನೇ ಸಲ ಬರೆಯಲು ಅಳುತ್ತಿದ್ದ ಹುಡುಗ ಇವನು.

ವಿಳಾಸದ ಬದಿಯೂ ಒಂದು ಪಾಠವೇ. ಪಿನ್‌ಕೋಡ್‌ಗೆ ಆರು ಚೌಕ ಇರುತ್ತದೆ. ಎಲ್ಲರದ್ದೂ 5ರಿಂದ ಶುರುವಾಗಿತ್ತು. ಗೋವಾದಲ್ಲಿರುವ ಚಿಕ್ಕಮ್ಮನಿಗೆ ಬರೆದವಳು ಮಾತ್ರ ‘ನಂದು ಯಾಕೆ 4 ಮಿಸ್?’ ಅಂದಳು. ಆ ದಿನ ಭೂಪಟ ಕೆಳಗಿಳಿಸಿ, ಯಾವ ರಾಜ್ಯಕ್ಕೆ ಯಾವ ಅಂಕಿ ಅಂತ ನೋಡುತ್ತ ಕೂತೆವು.

ಕೊರತೆಯೂ ಇದೆ. ಒಂದನೇ ಕ್ಲಾಸಿನ ಮಕ್ಕಳ ದಪ್ಪ ಅಕ್ಷರಕ್ಕೆ ಜಾಗ ಸಾಲದು. ಅವರಿಗೆ ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಲೆಟರ್ ವಾಸಿ. ಕಾರ್ಡನ್ನು ಯಾರು ಬೇಕಾದರೂ ಓದಬಹುದು. ಮನೆಯ ಸಾಲ, ಜಗಳ ಬರೆಯಬೇಡಿ ಅಂತ ಮೊದಲೇ ಹೇಳಿಬಿಡಿ. ಜಾಸ್ತಿ ಬೇಕಿದ್ದರೆ ಅಂಚೆ ಕಚೇರಿಯಲ್ಲಿ ಮುಂಚೆಯೇ ಹೇಳಿಡಿ. ಉತ್ತರ ಬರೆಯುವವರಿಗೂ ಒಂದೊಂದು ಕಾರ್ಡು ಲೆಕ್ಕ ಹಾಕಿಕೊಳ್ಳಿ. ನಾನು ಹಾಗೆ ಮಾಡಿರಲಿಲ್ಲ, ಮುಂದಿನ ವಾರ ಇನ್ನೂ 50 ತರುತ್ತಿದ್ದೇನೆ.