ಅಡಿಕೆ ತೋಟದ ಮಿನಿ ಟ್ರ್ಯಾಕ್ಟರಿಗೆ 8.3-20 ಟಯರ್: ಐದು ಮಳೆಗಾಲ ಕಳೆದ ಮೇಲೆ

ಟ್ರ್ಯಾಕ್ಟರ್ 24 ಎಚ್‌ಪಿ, ಫೋರ್‌ವೀಲ್ (ನಾಲ್ಕೂ ಚಕ್ರ ಎಳೆಯುವಂಥದ್ದು). ಹಿಂದಿನ ಜೋಡಿ 8.3-20 (ಅಗಲ 8.3 ಇಂಚು, ರಿಮ್ 20 ಇಂಚು), 6 ಪ್ಲೈ (ಟಯರಿನ ಬಲದ ಅಳತೆ), ಆರ್-1 ಹಲ್ಲು (ಸಾಮಾನ್ಯ ಹೊಲದ ಮಾದರಿ). ಕೆಲಸ ಶಿರಸಿ ಸೀಮೆಯದು: ತೋಟ, ಬೇಣ (ಹುಲ್ಲುಗಾವಲು), ಗೊಬ್ಬರದ ಟ್ರಾಲಿ, ನಾಟಿ ಹೊತ್ತಿಗೆ ನಾಲ್ಕು ದಿನ ಗದ್ದೆ.

ಅಂಗಡಿಯಲ್ಲಿ ಕೆಸರು ಅಂದ ಕೂಡಲೇ ಆರ್-2 ಗದ್ದೆ ಟಯರ್ ತೋರಿಸುತ್ತಾರೆ. ಅದರ ಹಲ್ಲಿನ ಆಳ ಆರ್-1ಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ತೋಟಕ್ಕೆ ಅದು ಬೇಡವೇ ಬೇಡ. ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹೆಣೆದುಕೊಂಡಿರುತ್ತದೆ, ಸಾಲಿನ ಕೊನೆಯಲ್ಲಿ ತಿರುಗಿಸುವಾಗ ಆ ಹಲ್ಲು ಬೇರನ್ನೇ ಕೆತ್ತುತ್ತದೆ. ಡಾಂಬರಿನ ಮೇಲೆ ಎತ್ತರದ ಹಲ್ಲು ಬಾಗಿ ಬಾಗಿ ಬೇಗ ಸವೆಯುತ್ತದೆ. ನಾಲ್ಕು ದಿನದ ಗದ್ದೆಗೆ ಆರ್-1 ಜೊತೆ ಕೇಜ್‌ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರ ಚಕ್ರ) ಸಾಕು. ಕುಮಟಾ ಕಡೆ ಗಜನಿಗೆ (ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ) ಇಳಿಸುವವರ ಲೆಕ್ಕವೇ ಬೇರೆ. ಅವರು ಆರ್-2 ಹಾಕಿಕೊಳ್ಳಲಿ, ಆದರೆ ಅದೇ ದಿನ ಸಿಹಿನೀರಲ್ಲಿ ರಿಮ್ ತೊಳೆಯಲಿ. ಉಪ್ಪು ವಾಲ್ವ್ ತೂತಿನ ಸುತ್ತ ಕೂತು ತಿನ್ನುತ್ತದೆ.

ಹಿಡಿತ ಹೆಚ್ಚಲಿ ಎಂದು ಹಿಂದೆ ಮಾತ್ರ ದೊಡ್ಡ ಸೈಜ್ ಹಾಕುವುದು ದುಬಾರಿ ತಪ್ಪು. ಫೋರ್‌ವೀಲಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ತುಸು ಮುಂದೋಡುವಂತೆ, ಸುಮಾರು 1ರಿಂದ 5 ಶೇಕಡಾ, ಗೇರ್ ಕೂಡಿಸಿರುತ್ತಾರೆ. ಆ ಲೆಕ್ಕ ತಪ್ಪಿದರೆ ಸ್ಟೇರಿಂಗ್ ಭಾರವಾಗುತ್ತದೆ, ಫೋರ್‌ವೀಲ್ ಲಿವರ್ ಬಿಡಿಸಲು ಬಾರದೆ ಕಚ್ಚಿಕೊಳ್ಳುತ್ತದೆ, ಕಡೆಗೆ ಮುಂದಿನ ಆಕ್ಸಲ್ಲಿನ ಗೇರಿಗೆ ಹೊಡೆತ. ಹಿಂದೆ ಹೊಸದು, ಮುಂದೆ ಬೋಳು ಟಯರ್ ಇದ್ದರೂ ಇದೇ ಕಥೆ. ಗಟ್ಟಿ ರಸ್ತೆಗೆ ಬಂದ ಕೂಡಲೇ ಫೋರ್‌ವೀಲ್ ತೆಗೆಯಬೇಕು.

ಹೆಚ್ಚಿನ ತೊಂದರೆ ಗಾಳಿಯದು. ತೋಟದಲ್ಲಿ ಹಿಂದಿನ ಟಯರಿಗೆ 12-14 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟರೆ ಹಲ್ಲು ಚೆನ್ನಾಗಿ ಊರುತ್ತದೆ, ಮಣ್ಣೂ ಗಟ್ಟಿಯಾಗದು. ಅದಕ್ಕೂ ಇಳಿಸಿ ರೋಟಾವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಎಳೆದರೆ ಟಯರ್ ರಿಮ್ಮಿನ ಮೇಲೆ ಜಾರುತ್ತದೆ, ಒಳಗಿನ ಟ್ಯೂಬ್ ಅದರ ಜೊತೆ ಎಳೆದುಹೋಗುತ್ತದೆ. ವಾಲ್ವ್ ನೆಟ್ಟಗಿಲ್ಲದೆ ಒಂದು ಬದಿಗೆ ವಾಲಿದ್ದು ಕಂಡರೆ ಅವತ್ತೇ ಜಾಕ್ ಕೊಟ್ಟು, ಗಾಳಿ ಪೂರ್ತಿ ಬಿಟ್ಟು, ಮತ್ತೆ ಕೂರಿಸಬೇಕು. ಇಲ್ಲವಾದರೆ ವಾಲ್ವ್ ಬುಡದಲ್ಲೇ ಕಿತ್ತುಹೋಗುತ್ತದೆ, ಆ ಟ್ಯೂಬಿಗೆ ಪಂಕ್ಚರ್ ತೇಪೆ ನಿಲ್ಲದು. ರಿಮ್ ಮತ್ತು ಟಯರ್ ಕೂಡುವಲ್ಲಿ ಒಂದು ಬಿಳಿ ಪೇಂಟ್ ಗೆರೆ ಎಳೆದಿಟ್ಟರೆ ಜಾರಿದ್ದು ದೂರದಿಂದಲೇ ಗೊತ್ತಾಗುತ್ತದೆ. ಟ್ರಾಲಿ ಕಟ್ಟುವ ದಿನ ಕೈಪಿಡಿ ಹೇಳಿದಷ್ಟು ಏರಿಸಿ.

ಇಳಿಜಾರಿಗೆಂದು, ಭಾರ ಹೆಚ್ಚಲಿ ಎಂದು ಹಿಂದಿನ ಟ್ಯೂಬಿಗೆ ನೀರು ತುಂಬಿಸಿದ್ದು ಒಳ್ಳೆಯದಾಯಿತು. ವಾಲ್ವ್ ನೆತ್ತಿಗೆ ತಂದು ಅದರ ಮಟ್ಟದವರೆಗೆ ತುಂಬಿದರೆ ಮುಕ್ಕಾಲು ಭಾಗ, ಮೇಲೆ ಗಾಳಿ. ಆದರೂ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಒದ್ದೆ ದರಕಿನ (ಉದುರಿದ ಎಲೆಯ) ಮೇಲೆ ಈ ಹಲ್ಲು ಅಡ್ಡ ಜಾರುವುದು ತಪ್ಪಲಿಲ್ಲ, ಅದು ಇದರ ದೊಡ್ಡ ಕೊರತೆ.

ಪಂಕ್ಚರ್ ಅಂಗಡಿಯಿಂದ ಬಂದಾಗ ಟ್ರ್ಯಾಕ್ಟರಿನ ಹಿಂದೆ ನಿಂತು ನೋಡಿ: ಹಲ್ಲು ಮೇಲ್ಮುಖ ಬಾಣದಂತೆ ಕಾಣಬೇಕು. ತಿರುವುಮುರುವಾದರೆ ಕೆಸರು ಉದುರದೆ ತುಂಬಿಕೊಳ್ಳುತ್ತದೆ. ಹೊಸತು ಕೊಳ್ಳುವಾಗ ಬದಿಯ ಕೊನೆಯ ನಾಲ್ಕು ಅಂಕಿ ಓದಿ. 2323 ಎಂದಿದ್ದರೆ 2023ರ 23ನೇ ವಾರದ ಮಾಲು.