ಮನೆಗೊಂದು ಹಳೇ ರೇಡಿಯೋ: ವಾಲ್ವ್ ಸೆಟ್ಟಾ, ಟ್ರಾನ್ಸಿಸ್ಟರಾ?

ಅಜ್ಜನ ಕಾಲದ ನೆನಪಿಗೆ ಹಳೇ ರೇಡಿಯೋ ಕೊಳ್ಳಬೇಕು ಅಂತಿದ್ದೀರಾ?

ವಾಲ್ವ್ ರೇಡಿಯೋ ನೋಡುವುದಕ್ಕೇ ಒಂದು ಚೆಂದ. ಮರದ ಪೆಟ್ಟಿಗೆ, ಮುಂದೆ ಬಟ್ಟೆಯ ಪರದೆ, ನಮ್ಮನೆಯಲ್ಲಿ ಅದರ ಮೇಲೆ ಅಮ್ಮನ ಕಸೂತಿ. ಗುಂಡಿ ತಿರುಗಿಸಿದ ಕೂಡಲೇ ಮಾತಾಡುವುದಿಲ್ಲ. ಒಳಗಿನ ವಾಲ್ವ್, ಅಂದರೆ ಬಲ್ಬಿನಂಥ ಗಾಜಿನ ಕೊಳವೆ, ಬಿಸಿಯಾಗಬೇಕು. ಮೊದಲು ಸಣ್ಣಗೆ ಗುಂಯ್ ಸದ್ದು, ಆಮೇಲೆ ಪ್ರದೇಶ ಸಮಾಚಾರ. ಆ ಕಾಯುವ ಹೊತ್ತೇ ನನಗೆ ತುಂಬಾ ಇಷ್ಟ. ಆದರೆ ಹೆಚ್ಚಿನ ಸೆಟ್‌ಗಳಿಗೆ ಕರೆಂಟ್ ಬೇಕೇ ಬೇಕು. ವಾಲ್ವ್ ಸುಟ್ಟರೆ ಬೇರೆಯದು ಹುಡುಕುವುದು ಕಷ್ಟ, ರಿಪೇರಿಯವರೂ ಕಡಿಮೆ. ಒಳಗೆ ವೋಲ್ಟೇಜ್ ಜಾಸ್ತಿ, ಸುಮ್ನೆ ಹಿಂದಿನ ಮುಚ್ಚಳ ಬಿಚ್ಚಬೇಡಿ.

ಟ್ರಾನ್ಸಿಸ್ಟರ್‌ಗೆ ಸೆಲ್ ಸಾಕು. ಚರ್ಮದ ಕವರ್ ಹಾಕಿಕೊಂಡು ತೋಟಕ್ಕೂ ಬರುತ್ತಿತ್ತು, ಅಲ್ವಾ? ಕ್ರಿಕೆಟ್ ಕಾಮೆಂಟರಿಯ ದಿನ ಅದರ ಸುತ್ತ ಬೀದಿಯೇ ಸೇರುತ್ತಿತ್ತು. ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಎರಡರಲ್ಲೂ ಯಾವ ಬ್ಯಾಂಡ್ (ಮೀಡಿಯಂ ವೇವ್, ಶಾರ್ಟ್ ವೇವ್, ಎಫ್‌ಎಂ) ಇದೆ ಅಂತ ನೋಡಿ. ನಮ್ಮ ಹಳೇ ಸೆಟ್‌ಗಳಲ್ಲಿ ಹೆಚ್ಚಿನವಕ್ಕೆ ಎಫ್‌ಎಂ ಇಲ್ಲ. ಬೆಂಗಳೂರಿನ 102.9 ವಿವಿಧ ಭಾರತಿ ಅದರಲ್ಲಿ ಬರುವುದಿಲ್ಲ. ದಿನಾ ಕೇಳುವವರಿಗೆ ಟ್ರಾನ್ಸಿಸ್ಟರೇ ಸರಿ. ಅಜ್ಜನ ವಾಲ್ವ್ ಸೆಟ್ ಅಟ್ಟದ ಮೇಲಿದ್ದರೆ ಮಾತ್ರ ಬೇರೆ ಮಾತು. ಎಷ್ಟು ಖರ್ಚಾದರೂ ಅದನ್ನೇ ರಿಪೇರಿ ಮಾಡಿಸಿ.