ಲೈಫ್ ಆನ್ ಮಾರ್ಸ್: ವರ್ಷಗಟ್ಟಲೆ ನೋಡಿದ ಮೇಲೆ

ಬಿಬಿಸಿಯ ‘ಲೈಫ್ ಆನ್ ಮಾರ್ಸ್’ ಡಿವಿಡಿಗಳು ನಮ್ಮ ರಾಜಾಜಿನಗರದ ಮನೆಯಲ್ಲಿ ವರ್ಷಗಳಿಂದ ಇವೆ. 2006–07ರಲ್ಲಿ ಬಂದ ಧಾರಾವಾಹಿ, ಎರಡು ಸೀಸನ್, ಒಟ್ಟು 16 ಸಂಚಿಕೆ. ಕೊಲೆಗಾರ ಯಾರು ಅಂತ ಗೊತ್ತಿದ್ದೂ ಮತ್ತೆ ಮತ್ತೆ ಹಾಕಿಕೊಂಡು ಕೂರುವ ಪೊಲೀಸ್ ಕಥೆ ನನಗೆ ಇದೊಂದೇ.

ಮ್ಯಾಂಚೆಸ್ಟರ್‌ನ ಪೊಲೀಸ್ ಅಧಿಕಾರಿ ಸ್ಯಾಮ್ ಟೈಲರ್‌ಗೆ 2006ರಲ್ಲಿ ಕಾರು ಗುದ್ದುತ್ತದೆ. ಕಣ್ಣು ಬಿಟ್ಟರೆ 1973. ಐಪಾಡ್‌ನಲ್ಲಿ ಬರುತ್ತಿದ್ದ ಡೇವಿಡ್ ಬೋವಿ ಹಾಡು ಈಗ ಹಳೇ ಕಾರಿನ ಟೇಪಿನಿಂದ ಕೇಳಿಸುತ್ತಿದೆ. ಹುಚ್ಚು ಹಿಡಿದಿದೆಯೋ, ಕೋಮಾದಲ್ಲಿದ್ದಾನೋ, ನಿಜವಾಗಿಯೂ ಹಿಂದಕ್ಕೆ ಬಂದಿದ್ದಾನೋ, ಅವನಿಗೇ ತಿಳಿಯದು. ರೇಡಿಯೊದಿಂದ, ಫೋನಿನಿಂದ ಆಸ್ಪತ್ರೆಯ ಮಾತು ಕೇಳುತ್ತದೆ. ರಾತ್ರಿ ಟಿವಿಯ ಟೆಸ್ಟ್ ಕಾರ್ಡ್‌ನಲ್ಲಿದ್ದ (ಕಾರ್ಯಕ್ರಮ ಇಲ್ಲದಾಗ ತೋರಿಸುತ್ತಿದ್ದ ನಿಶ್ಚಲ ಚಿತ್ರ) ಹುಡುಗಿ ಗೊಂಬೆ ಹಿಡಿದು ಕೋಣೆಯೊಳಗೇ ಬಂದು ಮಾತಾಡಿಸುತ್ತಾಳೆ. ಇವತ್ತಿಗೂ ಅದನ್ನು ನೋಡಿದರೆ ಮೈ ಜುಮ್ ಅನ್ನುತ್ತದೆ.

ಆದರೆ ಇದರ ಜೀವ ಇರುವುದು ಸ್ಯಾಮ್‌ಗೂ 1973ರ ಠಾಣೆಯಲ್ಲಿನ ಅವನ ಮೇಲಧಿಕಾರಿ ಜೀನ್ ಹಂಟ್‌ಗೂ ನಡೆಯುವ ಜಟಾಪಟಿಯಲ್ಲಿ. ಜಾನ್ ಸಿಮ್, ಫಿಲಿಪ್ ಗ್ಲೆನಿಸ್ಟರ್ ಇಬ್ಬರೂ ಎಷ್ಟು ಚೆನ್ನಾಗಿ ಮಾಡಿದ್ದಾರೆ! ಹಂಟ್‌ದು ಮೊದಲು ಏಟು, ಆಮೇಲೆ ಪ್ರಶ್ನೆ. ಸ್ಯಾಮ್‌ಗೆ ಸಾಕ್ಷಿ ಬೇಕು. ಡಿಎನ್‌ಎ ಗುರುತು ಹಿಡಿಯುವ ವಿಧಾನ ಬಂದದ್ದೇ 1984ರಲ್ಲಿ. ವಿಚಾರಣೆಗೆ ಕಟ್ಟುನಿಟ್ಟಿನ ನಿಯಮ ತಂದ ಬ್ರಿಟನ್ನಿನ ಕಾನೂನೂ ಅದೇ ವರ್ಷದ್ದು. ಹಾಗಾಗಿ ಸ್ಯಾಮ್ ಕೇಳುವುದೆಲ್ಲ ಠಾಣೆಯವರಿಗೆ ಹುಡುಗಾಟದ ಹಾಗೆ ಕಾಣುತ್ತದೆ. ಹಂಟ್‌ನ ಧೈರ್ಯ, ಊರಿನ ಮೇಲೆ ಅವನಿಗಿರುವ ಪ್ರೀತಿ ನೋಡಿ ನಾವೂ ನಿಧಾನಕ್ಕೆ ಅವನ ಕಡೆ ವಾಲುತ್ತೇವೆ. ಆಗಲೇ ಮೊದಲ ಸೀಸನ್ನಿನ ಏಳನೇ ಸಂಚಿಕೆ ಬರುತ್ತದೆ. ಠಾಣೆಯ ವಶದಲ್ಲಿದ್ದವನೊಬ್ಬ ಸಾಯುತ್ತಾನೆ. ಸ್ಯಾಮ್ ತನ್ನ ಸಹೋದ್ಯೋಗಿಗಳನ್ನೇ ಒಬ್ಬೊಬ್ಬರಾಗಿ ವಿಚಾರಿಸಲು ಕೂರುತ್ತಾನೆ. ಯಾರಿಗೂ ಅದು ಬೇಕಿಲ್ಲ. ಅಲ್ಲಿಯವರೆಗೆ ಇವರ ಒರಟುತನಕ್ಕೆ ನಕ್ಕಿದ್ದೆವಲ್ಲ, ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಅಪ್ಪನಿಗೆ 1973 ಅಂದರೆ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ ವರ್ಷ, ಬೆಲ್‌ಬಾಟಂ ಹಾಕಿ ಓಡಾಡಿದ ವಯಸ್ಸು. ಹಂಟ್‌ನ ಕಾರ್ಟಿನಾ ಕಾರು ನೋಡಿ ಖುಷಿಪಡುತ್ತಿದ್ದವರು ಈ ಸಂಚಿಕೆ ಬಂದಾಗ, ‘ಆಗ ಸ್ಟೇಷನ್ ಮೆಟ್ಟಿಲು ಹತ್ತೋಕೆ ಎಷ್ಟು ಹೆದರ್ತಿದ್ವಿ ಗೊತ್ತೇನೋ’ ಅಂದರು. ಹಳೇ ಕಾಲವೇ ಚೆನ್ನಾಗಿತ್ತು ಅಂತ ಹೇಳಿಕೊಂಡು ಹಾಯಾಗಿರಲು ಈ ಧಾರಾವಾಹಿ ಬಿಡುವುದಿಲ್ಲ. ಹಾಗಂತ ಸ್ಯಾಮ್‌ನ 2006 ಕೂಡ ಸ್ವರ್ಗವಲ್ಲ. ಎಲ್ಲ ನಿಯಮದ ಪ್ರಕಾರ ನಡೆಯುತ್ತದೆ, ಆದರೆ ಜನರ ನಡುವೆ ಬಿಸುಪೇ ಇಲ್ಲ. ಮರಳಿ ನೋಡುವಾಗ ನನ್ನನ್ನು ಹಿಡಿದು ಕೂರಿಸುವುದು ಈ ಎಳೆದಾಟವೇ. ಈಗ ಇನ್ನೊಂದೂ ಸೇರಿಕೊಂಡಿದೆ. ಮೊದಲ ಐಫೋನ್ ಬರುವ ಮುಂಚಿನ ಕಥೆಯಾದ್ದರಿಂದ ಸ್ಯಾಮ್‌ನ ಕಾಲವೂ ಹಳತಾಯಿತು. ನನ್ನ ಮಗಳಿಗೆ ಎರಡೂ ಹಿಂದಿನ ಕಾಲವೇ, ಅಲ್ವಾ?

ಕೊರತೆ ಇಲ್ಲದಿಲ್ಲ. ಕೆಲವು ಕೇಸುಗಳು ತೀರಾ ತೆಳು. ಜಾಣೆ ಪೊಲೀಸ್ ಆನಿ ಕಾರ್ಟ್‌ರೈಟ್‌ಗೆ ಇನ್ನೂ ಜಾಸ್ತಿ ಜಾಗ ಕೊಡಬೇಕಿತ್ತು. ಮ್ಯಾಂಚೆಸ್ಟರ್ ಇಂಗ್ಲಿಷ್ ಕಿವಿಗೆ ಬೇಗ ಹತ್ತುವುದಿಲ್ಲ, ಸಬ್‌ಟೈಟಲ್ ಹಾಕಿಕೊಳ್ಳಿ. ಇದರ ಅಮೆರಿಕದ ಅವತರಣಿಕೆಯೂ ಇದೆ, 1988ರಲ್ಲಿ ನಡೆಯುವ ಕೊರಿಯಾದ್ದೂ ಇದೆ. ಬ್ರಿಟಿಷರದ್ದನ್ನೇ ಮೊದಲು ನೋಡಿ. ಮುಂದಿನ ಕಥೆ ‘ಆ್ಯಶಸ್ ಟು ಆ್ಯಶಸ್’ 1981ರ ಲಂಡನ್‌ನಲ್ಲಿ ಶುರುವಾಗುತ್ತದೆ, ಹಂಟ್ ಅಲ್ಲೂ ಇದ್ದಾನೆ. 16 ಸಂಚಿಕೆ ಮುಗಿಯುವ ತನಕ ಅದನ್ನು ಮುಟ್ಟಬೇಡಿ. ಸ್ಯಾಮ್‌ಗೆ ಏನಾಯಿತು ಅನ್ನುವುದು ಅಲ್ಲಿ ಬಯಲಾಗಿಬಿಡುತ್ತದೆ.